ಗೋಧಿ ಬಿಡಿಸುವ ಮೊದಲು ರಕ್ತ ತೆಗೆಯಿರಿ

ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ ನಾನು. ಸೋಮವಾರ ಬಿಸಿಯೂಟ ಮುಗಿದ ಮೇಲೆ ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ ನುಂಗಿಸುವುದು ನನ್ನ ಪಾಲಿಗೆ ಬಂದ ಕೆಲಸ. ಮಾತ್ರೆ ಹೊಟ್ಟೆಗೆ ಹೋಯಿತೋ ಕೆನ್ನೆಯ ಸಂದಿಯಲ್ಲಿ ಉಳಿಯಿತೋ ಎಂದು ಬಾಯಿ ತೆರೆಸಿ ನೋಡುವುದರಲ್ಲಿ ನನಗೆ ಎಂಟು ವರ್ಷದ ಅನುಭವವಿದೆ. ಆ ಸಾಲಿನಲ್ಲಿ ಮೂರು ವರ್ಷ ನನ್ನ ಮಗಳೂ ಕೂತಿದ್ದಳು. ಶಿಕ್ಷಕಿಯ ಮಗಳಾದ್ದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಜೊತೆಗೆ ಮನೆಯಲ್ಲಿ ವೈದ್ಯರು ಬರೆದುಕೊಟ್ಟ ಸಿರಪ್ಪು. ಇಷ್ಟಾದರೂ ಆರನೆಯ ವಯಸ್ಸಿನಲ್ಲಿ 9.1 ಇದ್ದ ಅವಳ ಹಿಮೋಗ್ಲೋಬಿನ್ ಒಂಬತ್ತನೆಯ ವಯಸ್ಸಿಗೆ 7.4ಕ್ಕೆ ಇಳಿದಿತ್ತು.

ಮಾತ್ರೆ ಸರಿಯಾಗಿಯೇ ಇತ್ತು. ಅದನ್ನು ಒಳಗೆ ಬರಮಾಡಿಕೊಳ್ಳಬೇಕಾದ ಕರುಳೇ ಹಾಳಾಗಿತ್ತು. ಆ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಅದನ್ನು ಪತ್ತೆ ಹಚ್ಚುವ ರಕ್ತಪರೀಕ್ಷೆಯ ವಿಷಯವಾಗಿ ನಿಮಗೆ ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯಲು ಕಾರಣವೂ ಇದೆ. ನಾನು ಮಾಡಿದ ಒಂದು ತಪ್ಪನ್ನು ಇನ್ನೊಬ್ಬ ತಾಯಿ ಮಾಡಬಾರದು. ಆ ತಾಯಿ ನಿಮ್ಮ ಸುತ್ತೋಲೆಗಳನ್ನು ಓದುವವಳಲ್ಲ.

ಮೊದಲು ಆ ಮೂರು ವರ್ಷಗಳ ಬಗ್ಗೆ ಹೇಳಬೇಕು. ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಿಸಿದಾಗ ನನ್ನ ಮಗಳೇ ಎಲ್ಲರಿಗಿಂತ ಮುಂದೆ. ಎರಡನೆಯ ತರಗತಿಯಲ್ಲಿ ಹೊಲಿಸಿದ ಸಮವಸ್ತ್ರ ನಾಲ್ಕನೆಯ ತರಗತಿಯಲ್ಲೂ ಅಳತೆಗೆ ಸರಿಯಾಗಿತ್ತು. ಬಾಯಲ್ಲಿ ಮೇಲಿಂದ ಮೇಲೆ ಹುಣ್ಣು. ಅದಕ್ಕೆ ಉಷ್ಣ ಎಂದರು, ಮಜ್ಜಿಗೆ ಕುಡಿಸಿದೆವು. ಹೊಟ್ಟೆ ಉಬ್ಬರ. ಅದಕ್ಕೆ ಜಂತುಹುಳು ಎಂದರು. ವರ್ಷಕ್ಕೆ ಎರಡು ಸಲ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯ ಮೇಲೆ ಇನ್ನೊಂದನ್ನು ಅಂಗಡಿಯಿಂದ ತಂದು ನುಂಗಿಸಿದೆವು. ಕುಳ್ಳಗಿರುವುದಕ್ಕೆ ತಂದೆಯ ಮನೆತನವನ್ನು ಹೊಣೆ ಮಾಡಿದರು, ಸಪ್ಪಗಿರುವುದಕ್ಕೆ ದೃಷ್ಟಿ ತೆಗೆಸಿದರು. ನನ್ನ ಸಹೋದ್ಯೋಗಿಯೊಬ್ಬರು ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರೆದುರು ನನಗೆ ಹೇಳಿದರು. ಅಂದಿನಿಂದ ಆ ಗಾದೆಯನ್ನು ಪಾಠದಲ್ಲಿ ಬಂದರೂ ನಾನು ವಿವರಿಸುವುದಿಲ್ಲ, ಮಕ್ಕಳಿಗೆ ಮನೆಯಲ್ಲಿ ಕೇಳಿ ತಿಳಿದುಕೊಳ್ಳಲು ಹೇಳುತ್ತೇನೆ.

ಭೇದಿ ಮಾತ್ರ ಅವಳಿಗೆ ಒಂದು ದಿನವೂ ಆಗಲಿಲ್ಲ. ನಾವು ದಾರಿ ತಪ್ಪಿದ್ದು ಅಲ್ಲಿಯೇ. ಸೀಲಿಯಾಕ್ ಎಂದರೆ ಬಿಡದೆ ಭೇದಿಯಾಗಿ ಸೊರಗುವ ಎಳೆಯ ಮಗು ಎಂಬ ಚಿತ್ರ ಅನೇಕ ವೈದ್ಯರ ಮನಸ್ಸಿನಲ್ಲಿ ಇಂದಿಗೂ ಕೂತಿದೆ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯನ್ನು ವರ್ಣಿಸಿ ಬರೆದಾಗ ಕಂಡ ಚಿತ್ರ ಅದು. ಈಗ ಗೊತ್ತಿರುವ ಪಟ್ಟಿ ಬಹಳ ಉದ್ದವಾಗಿದೆ: ಮಾತ್ರೆಗೆ ಜಗ್ಗದ ರಕ್ತಹೀನತೆ, ಬೆಳೆಯದ ಎತ್ತರ, ತಡವಾಗಿ ಬರುವ ಪ್ರಾಯ, ಹಲ್ಲಿನ ಹೊಳಪುಪದರದ ದೋಷ, ಮೊಣಕೈ ಮೊಣಕಾಲುಗಳಲ್ಲಿ ತುರಿಸುವ ಗುಳ್ಳೆ, ಕಾರಣ ತಿಳಿಯದ ಗರ್ಭಪಾತ, ನಡುವಯಸ್ಸಿನಲ್ಲೇ ಟೊಳ್ಳಾಗುವ ಮೂಳೆ. ಮಲಬದ್ಧತೆಯೂ ಇರಬಹುದು. ನನ್ನ ಮಗಳಿಗೆ ಇದ್ದದ್ದು ಅದೇ.

ಕಾಯಿಲೆಯ ಒಳಸಂಗತಿಯನ್ನು ಹುಬ್ಬಳ್ಳಿಯ ಜಠರ-ಕರುಳು ತಜ್ಞರು ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಹೋಳಿಗೆಯ ಕಣಕವನ್ನು ಹರಿಯದಂತೆ ತೆಳ್ಳಗೆ ಎಳೆಯಲು ಸಾಧ್ಯವಾಗುವುದು, ಚಪಾತಿ ಉಬ್ಬುವುದು ಅದರ ಬಲದಿಂದ. ಕೆಲವರ ದೇಹದಲ್ಲಿ ಆ ಪ್ರೋಟೀನು ಒಳಗೆ ಹೋದಾಗಲೆಲ್ಲ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಒತ್ತಾಗಿ ನಿಂತು ಆಹಾರದ ಸಾರವನ್ನು ಹೀರುವ ಎಳೆಗಳು ಕುಗ್ಗಿ ಚಪ್ಪಟೆಯಾಗುತ್ತವೆ. ವೈದ್ಯರು ಅದನ್ನು ವಿಲ್ಲೈ ಎಂದರು. ಜೋಳದ ಹೊಲ ನೋಡಿ ಬೆಳೆದ ನನಗೆ ಕಂಡದ್ದು ಬೇರೆ. ತೆನೆ ತೂಗುವ ಹೊಲ ಒಂದು ಕಡೆ, ಕೊಯ್ಲಾದ ಮೇಲೆ ಉಳಿದ ಕೂಳೆ ಇನ್ನೊಂದು ಕಡೆ. ನನ್ನ ಮಗಳ ಕರುಳಿನಲ್ಲಿ ಕೂಳೆ ಮಾತ್ರ ಇತ್ತು. ಕಬ್ಬಿಣಾಂಶ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಈ ಕಾಯಿಲೆ ಹೆಚ್ಚಾಗಿ ಹಾಳು ಮಾಡುವುದೂ ಅದೇ ಜಾಗವನ್ನು. ಮೂರು ವರ್ಷದ ಮಾತ್ರೆಗಳೆಲ್ಲ ಬರಿದೇ ಹಾದುಹೋಗಿದ್ದವು.

ಈಗ ನನ್ನ ತಪ್ಪಿನ ಕಥೆ. ಹುಬ್ಬಳ್ಳಿಗೆ ಹೋಗುವುದಕ್ಕಿಂತ ಐದು ತಿಂಗಳು ಮೊದಲು ನೆಂಟರೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ಗೋಧಿಯೇ ಸಕಲ ರೋಗಗಳ ಮೂಲ ಎಂದು ಒಬ್ಬರು ಅದರಲ್ಲಿ ಬಹಳ ನಯವಾಗಿ ಹೇಳುತ್ತಿದ್ದರು. ಅವರ ಮಾತಿನ ಜೋರಿಗೆ ನಾವು ಒಂದು ಖಾಸಗಿ ಪ್ರಯೋಗಾಲಯದಲ್ಲಿ ‘ಆಹಾರ ಅಸಹಿಷ್ಣುತೆ ಪರೀಕ್ಷೆ’ ಮಾಡಿಸಿದೆವು. 12 ಸಾವಿರ ರೂಪಾಯಿ. ಇನ್ನೂರಕ್ಕೂ ಹೆಚ್ಚು ಪದಾರ್ಥಗಳ ಪಟ್ಟಿ ಬಣ್ಣಬಣ್ಣದಲ್ಲಿ ಬಂತು. ಗೋಧಿ ಕೆಂಪು, ಹಾಲು ಕೆಂಪು, ಶೇಂಗಾ ಕೆಂಪು, ಅರಿಶಿನವೂ ಕೆಂಪು. ಆ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು, ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಒಂದು ಪ್ರೋಟೀನನ್ನು. ಮನುಷ್ಯ ಒಂದು ಪದಾರ್ಥವನ್ನು ತಿನ್ನುತ್ತಾ ಬಂದಿದ್ದಾನೆ ಎಂಬುದಕ್ಕೆ ಅದು ಗುರುತು, ಒಗ್ಗುವುದಿಲ್ಲ ಎಂಬುದಕ್ಕೆ ಅಲ್ಲ. ಅಲರ್ಜಿ ತಜ್ಞರ ಸಂಘಗಳು ಇದನ್ನು ರೋಗ ಪತ್ತೆಗೆ ಬಳಸಕೂಡದು ಎಂದು ವರ್ಷಗಳಿಂದ ಹೇಳುತ್ತಿವೆ. ನನಗೆ ಇದೆಲ್ಲ ಆಮೇಲೆ ತಿಳಿಯಿತು. ನಮ್ಮ ಮನೆಯ ಸಾರು, ಪಲ್ಯ, ಚಟ್ನಿಗಳ ಜಾತಕವನ್ನು 12 ಸಾವಿರ ಕೊಟ್ಟು ಬರೆಸಿಕೊಂಡು ಬಂದಿದ್ದೆವು.

ಗೋಧಿಯನ್ನು ಮಾತ್ರ ಬಿಟ್ಟೆವು, ಏಕೆಂದರೆ ಅದನ್ನು ಬಿಡುವುದು ಸುಲಭ. ಒಲೆಯ ಮೇಲೆ ಜೋಳದ ರೊಟ್ಟಿ ಇದ್ದೇ ಇತ್ತು. ಎರಡು ತಿಂಗಳೊಳಗೆ ಮಗಳು ಚುರುಕಾದಳು. ಬಾಯಿಹುಣ್ಣು ಮಾಯಿತು. ಸಂಜೆ ಕುಂಟೆಬಿಲ್ಲೆ ಆಡಲು ಹೊರಗೆ ಓಡಿದಳು. ನಾವು ಗೆದ್ದೆವು ಎಂದುಕೊಂಡೆವು. ಹಿಮೋಗ್ಲೋಬಿನ್ ಇನ್ನೂ ಪೂರ್ತಿ ಏರಲಿಲ್ಲವೆಂದು ತಜ್ಞರ ಬಳಿಗೆ ಹೋದೆವು. ಅವರು ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಬರೆದರು. ವರದಿ ‘ನೆಗೆಟಿವ್’ ಎಂದು ಬಂತು. ನನ್ನ ಯಜಮಾನರು ಖುಷಿಯಿಂದ ಚೀಟಿಯನ್ನು ಮೇಜಿನ ಮೇಲಿಟ್ಟರು. ವೈದ್ಯರು ಅದನ್ನು ಮುಟ್ಟಲಿಲ್ಲ.

‘ಮಗು ದಿನಾ ಗೋಧಿ ತಿನ್ನುತ್ತಿದೆಯೇ?’ ಎಂದು ಕೇಳಿದರು.

‘ಇಲ್ಲ, ಐದು ತಿಂಗಳಾಯಿತು ಬಿಟ್ಟು’ ಎಂದೆ. ಹೆಮ್ಮೆಯಿಂದಲೇ ಹೇಳಿದೆ.

‘ಹಾಗಾದರೆ ಈ ವರದಿ ನನಗೆ ಏನನ್ನೂ ಹೇಳುವುದಿಲ್ಲ’ ಎಂದರು.

ಮಾನ್ಯರೇ, ಇಡೀ ಪತ್ರದಲ್ಲಿ ನೀವು ಒಂದೇ ಸಾಲನ್ನು ಓದುವುದಾದರೆ ಅದು ಈ ಸಾಲಾಗಲಿ. ಈ ಪರೀಕ್ಷೆ ಹುಡುಕುವುದು ಗ್ಲುಟೆನ್ನಿನ ಜೊತೆ ದೇಹ ನಡೆಸುತ್ತಿರುವ ಜಗಳದ ಕುರುಹನ್ನು. ಗೋಧಿ ನಿಲ್ಲಿಸಿದರೆ ಜಗಳ ತಣ್ಣಗಾಗುತ್ತದೆ, ಪ್ರತಿಕಾಯಗಳು ಇಳಿಯುತ್ತವೆ, ಕರುಳಿನ ಎಳೆಗಳೂ ಮೆಲ್ಲಗೆ ಚಿಗುರುತ್ತವೆ. ಆಗ ರಕ್ತ ತೆಗೆದರೂ, ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಿದರೂ ಕಾಯಿಲೆ ಸಿಕ್ಕಿಬೀಳದೆ ಹೋಗಬಹುದು. ಕಳ್ಳ ಊರು ಬಿಟ್ಟು ಹೋದ ಮೇಲೆ ಮನೆಮನೆ ಶೋಧಿಸಿದ ಹಾಗೆ.

ಗೊತ್ತಾಗದಿದ್ದರೇನಂತೆ, ಮಗು ಚೆನ್ನಾಗಿದೆಯಲ್ಲ, ಗೋಧಿ ಬಿಟ್ಟೇ ಇದ್ದರಾಯಿತು ಎಂದು ನನ್ನ ಅತ್ತೆ ಹೇಳಿದರು. ನಾನೂ ಹಾಗೇ ಯೋಚಿಸಿದ್ದೆ. ವೈದ್ಯರು ಒಪ್ಪಲಿಲ್ಲ, ಈಗ ನಾನೂ ಒಪ್ಪುವುದಿಲ್ಲ. ಗೋಧಿ ತಿಂದರೆ ಹೊಟ್ಟೆ ಕೆಡುವ ಸ್ಥಿತಿಗಳು ಒಂದೆರಡಲ್ಲ. ಗೋಧಿಯ ಅಲರ್ಜಿ ಎಂಬುದು ಬೇರೆ, ಅದಕ್ಕೆ ಬೇರೆ ಪರೀಕ್ಷೆ. ಸೀಲಿಯಾಕ್ ಅಲ್ಲದ ಗ್ಲುಟೆನ್ ಅಸಹಿಷ್ಣುತೆ ಎಂಬ ಇನ್ನೊಂದಿದೆ. ಅದಕ್ಕೆ ರಕ್ತಪರೀಕ್ಷೆಯೇ ಇಲ್ಲ. ಮೊದಲಿನ ಎರಡೂ ಇಲ್ಲವೆಂದು ಖಚಿತವಾದ ಮೇಲೆ ಗೋಧಿ ಬಿಡಿಸಿ, ಮತ್ತೆ ಕೊಟ್ಟು ನೋಡಿ ತೀರ್ಮಾನಿಸಬೇಕು. ಎಷ್ಟೋ ಜನರಲ್ಲಿ ತೊಂದರೆ ಕೊಡುವುದು ಗ್ಲುಟೆನ್ ಅಲ್ಲದೆ ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆಯ ಜಾತಿಯ ಅಂಶ. ಅಂಥವರು ಒಂದು ಹೋಳಿಗೆ ತಿಂದರೆ ಆಗುವುದು ಒಂದು ಸಂಜೆಯ ಹೊಟ್ಟೆಯುಬ್ಬರ. ಸೀಲಿಯಾಕ್ ಇರುವವರು ಹಬ್ಬಕ್ಕೊಮ್ಮೆ ಎಂದು ತಿನ್ನುತ್ತಾ ಹೋದರೆ ಕರುಳು ಒಳಗೊಳಗೇ ಕೆಡುತ್ತಾ ಹೋಗುತ್ತದೆ. ಒಬ್ಬರಿಗೆ ಪಥ್ಯ ಅನುಕೂಲ, ಇನ್ನೊಬ್ಬರಿಗೆ ಅದೇ ಔಷಧ, ಸಾಯುವ ತನಕ. ಯಾವುದೆಂದು ತಿಳಿಯದೆ ಒಂಬತ್ತು ವರ್ಷದ ಹುಡುಗಿಗೆ ಜೀವಮಾನದ ನಿಯಮ ಹಾಕುವುದು ಹೇಗೆ? ಹದಿನಾರನೆಯ ವಯಸ್ಸಿನಲ್ಲಿ ಗೆಳತಿಯರ ಜೊತೆ ಬೇಕರಿಗೆ ಹೋದಾಗ ‘ಅವ್ವ ಯಾವುದೋ ವಿಡಿಯೊ ನೋಡಿ ಬಿಡಿಸಿದ್ದು’ ಎಂದರೆ ಅವಳನ್ನು ಯಾವುದು ತಡೆಯುತ್ತದೆ?

ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆ ಪಥ್ಯದಲ್ಲಿದ್ದಾಗಲೂ ನಡೆಯುತ್ತದೆ. ಆದರೆ ಅದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಎರಡೂ ಇಲ್ಲವೆಂದರೆ ಸೀಲಿಯಾಕ್ ಬಹುಮಟ್ಟಿಗೆ ಇಲ್ಲವೆಂದೇ ಅರ್ಥ. ಇದೆ ಎಂದರೆ ಏನೂ ತೀರ್ಮಾನವಾಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ಅದು ಇರುತ್ತದೆ. ನನ್ನ ಮಗಳಿಗೆ ಇತ್ತು. ಉಳಿದದ್ದು ಒಂದೇ ದಾರಿ, ಮತ್ತೆ ಗೋಧಿ ತಿನ್ನಿಸುವುದು. ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗೋಧಿ ಇರಬೇಕು, ಕಡಿಮೆಯೆಂದರೆ ಆರು ವಾರ.

ಆ 42 ದಿನಗಳನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಒಂದೊಂದಾಗಿ ಹೊಡೆದು ಹಾಕಿದ್ದೇನೆ. ಬೆಳಿಗ್ಗೆ ಎರಡು ಚಪಾತಿ, ರಾತ್ರಿ ಎರಡು. ಮೂರನೆಯ ದಿನ ಹೊಟ್ಟೆನೋವು ಮರಳಿತು. ಎರಡನೆಯ ವಾರ ಬಾಯಿಹುಣ್ಣು. ಮೂರನೆಯ ವಾರ ಕುಂಟೆಬಿಲ್ಲೆ ನಿಂತಿತು. ಒಂದು ರಾತ್ರಿ ತಟ್ಟೆಯನ್ನು ಹಿಂದಕ್ಕೆ ತಳ್ಳಿ, ‘ಅವ್ವಾ, ಇದನ್ನು ತಿಂದರೆ ಹೊಟ್ಟೆ ನೋಯುತ್ತದೆ ಎಂದು ನೀನೇ ಹೇಳಿದ್ದೆಯಲ್ಲ?’ ಎಂದು ಕೇಳಿದಳು. ನಾನು ಬೆಲ್ಲ ತುಪ್ಪ ಸವರಿ, ಚಪಾತಿಯನ್ನು ಸುರುಳಿ ಸುತ್ತಿ ಕೊಟ್ಟೆ. ಮಗುವಿಗೆ ನೋವು ಕೊಡುತ್ತದೆ ಎಂದು ಗೊತ್ತಿದ್ದೂ ಲಟ್ಟಿಸುವ ಕೈಯ ಬಗ್ಗೆ ನಾನು ಹೆಚ್ಚು ಬರೆಯಲಾರೆ.

ಆರು ವಾರದ ನಂತರ ರಕ್ತ ತೆಗೆದರು. ಜೊತೆಗೆ ಐಜಿಎ ಎಂಬ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಿದರು. ಕೆಲವರ ದೇಹ ಐಜಿಎಯನ್ನು ಉತ್ಪಾದಿಸುವುದೇ ಇಲ್ಲ, ಅಂಥವರಲ್ಲಿ ಟಿಟಿಜಿ-ಐಜಿಎ ಪರೀಕ್ಷೆ ಸುಳ್ಳಾಗಿ ನೆಗೆಟಿವ್ ಬರುತ್ತದೆ, ಸೀಲಿಯಾಕ್ ಇರುವವರಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು. ಎರಡನ್ನೂ ಒಟ್ಟಿಗೆ ಬರೆಯದ ಚೀಟಿ ಅರ್ಧ ಚೀಟಿ. ಮಗಳ ಟಿಟಿಜಿ ಮಿತಿಯ ನಾಲ್ಕು ಪಟ್ಟು ಇತ್ತು. ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘದ 2020ರ ಮಾರ್ಗಸೂಚಿಯಂತೆ ಅದು ಹತ್ತು ಪಟ್ಟು ದಾಟಿದ್ದು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಪ್ರತಿಕಾಯವೂ ಸಿಕ್ಕಿದರೆ ಮಕ್ಕಳಿಗೆ ಬಯಾಪ್ಸಿ ಇಲ್ಲದೆಯೇ ರೋಗ ನಿರ್ಧರಿಸಬಹುದು. ನಾವು ನಾಲ್ಕಕ್ಕೆ ನಿಂತಿದ್ದೆವು. ಐದು ತಿಂಗಳ ಪಥ್ಯಕ್ಕೆ ಮೊದಲೇ ರಕ್ತ ಕೊಟ್ಟಿದ್ದರೆ ಅಂಕಿ ಎಷ್ಟಿರುತ್ತಿತ್ತೋ ಎಂದು ಈಗಲೂ ನಡುರಾತ್ರಿ ಲೆಕ್ಕ ಹಾಕುತ್ತೇನೆ. ಅರಿವಳಿಕೆ ಕೊಟ್ಟು, ಬಾಯಿಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ, ಕರುಳಿನ ಆರು ಚೂರು ತೆಗೆದರು. ಎಂಟು ದಿನಕ್ಕೆ ವರದಿ: ಮಾರ್ಷ್ 3ಬಿ. ಕೂಳೆ ಎಂದು ಮೇಲೆ ಹೇಳಿದೆನಲ್ಲ, ಅದರ ವೈದ್ಯಕೀಯ ಹೆಸರು ಇದು.

ಅಂದು ಮಧ್ಯಾಹ್ನ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಕೂತು ನಾನು ಅತ್ತದ್ದು ದುಃಖದಿಂದಲ್ಲ. ಮೂರು ವರ್ಷದ ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತು. ಅದಕ್ಕೆ ಔಷಧದ ಅಂಗಡಿಯ ಹಂಗೂ ಇರಲಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುತ್ತಾರೆ. ನಮಗೆ ವೈದ್ಯರು ಹೇಳಿದ್ದು ಜೋಳದ ರೊಟ್ಟಿ, ಅನ್ನ, ರಾಗಿ, ನವಣೆ, ಸಜ್ಜೆ.

ರಕ್ತಸಂಬಂಧಿಗಳನ್ನೂ ಪರೀಕ್ಷಿಸಬೇಕು ಎಂದು ವೈದ್ಯರು ಹೇಳಿದ್ದರು. ರೋಗಿಯ ತಂದೆ ತಾಯಿ, ಒಡಹುಟ್ಟಿದವರಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಇದು ಇರುತ್ತದಂತೆ. ನನಗೆ, ಮಗನಿಗೆ ಇಲ್ಲ. ನನ್ನ ಯಜಮಾನರಿಗೆ ಇತ್ತು! ಮದುವೆ ಮನೆಗಳಲ್ಲಿ ಗೋಧಿಯ ಸಿಹಿಯಾದ ಮಾದಲಿಯ ಮೇಲೆ ತುಪ್ಪ ಸುರಿಸಿಕೊಂಡು ಮೂರು ಸಲ ಬಡಿಸಿಕೊಳ್ಳುವುದರಲ್ಲಿ ಹೆಸರಾದವರು, ಹೊಟ್ಟೆನೋವು ಎಂಬ ಮಾತನ್ನು ಆಡಿದವರಲ್ಲ. ಎರಡು ವರ್ಷದ ಹಿಂದೆ ಬೈಕು ನಿಂತಲ್ಲೇ ವಾಲಿ ಬಿದ್ದಾಗ ಅವರ ಮುಂಗೈ ಮೂಳೆ ಮುರಿದಿತ್ತು. ಅಷ್ಟು ಸಣ್ಣ ಪೆಟ್ಟಿಗೆ ಏಕೆ ಮುರಿಯಿತು ಎಂದು ಆಗ ಯಾರೂ ಕೇಳಲಿಲ್ಲ. ಈಗ ಮೂಳೆಯ ಸಾಂದ್ರತೆ ಅಳೆದಾಗ 41ನೆಯ ವಯಸ್ಸಿಗೆ ಇರಬೇಕಾದುದಕ್ಕಿಂತ ಬಹಳ ಕಡಿಮೆ ಇತ್ತು.

ಇನ್ನು ನಿಮ್ಮ ಕೆಲಸದ ಮಾತು. ‘ಇದು ಪಂಜಾಬು, ಹರಿಯಾಣದವರ ಕಾಯಿಲೆ, ನಮ್ಮ ಕಡೆ ಇಲ್ಲ’ ಎಂದು ನನಗೆ ಹೇಳಿದ ವೈದ್ಯರು ಒಬ್ಬಿಬ್ಬರಲ್ಲ. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿದ್ದರು. ಈ ಕಾಯಿಲೆಯ ಪ್ರತಿಕಾಯ ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಕೇವಲ 0.10. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ದಕ್ಷಿಣದ ವೈದ್ಯರು ನಿಶ್ಚಿಂತರಾಗಿ ಇರಬಹುದು. ಆದರೆ ಅದೇ ಅಧ್ಯಯನದಲ್ಲಿ ಇನ್ನೂ ಎರಡು ಅಂಕಿಗಳಿವೆ. ಕಾಯಿಲೆಗೆ ಎಡೆ ಮಾಡಿಕೊಡುವ ವಂಶವಾಹಿ ಉತ್ತರದವರಲ್ಲಿ ನೂರಕ್ಕೆ 38.1, ದಕ್ಷಿಣದವರಲ್ಲಿ 36.4. ಹೆಚ್ಚುಕಡಿಮೆ ಸಮ. ದಿನಕ್ಕೆ ತಿನ್ನುವ ಗೋಧಿಯ ಪ್ರಮಾಣ ಮಾತ್ರ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಬೀಜ ಎರಡೂ ಕಡೆ ಇದೆ, ನೀರು ಒಂದೇ ಕಡೆ ಬಿದ್ದಿದೆ.

ದಕ್ಷಿಣದ ಆ ಮಾದರಿ ತಮಿಳುನಾಡಿನದು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡಗಳ ಊಟ ಅದಲ್ಲ. ನಾವು ಗೋಧಿ ಬೆಳೆಯುವವರು. ಜಾತ್ರೆಗೆ ಗೋಧಿ ಹುಗ್ಗಿ, ಮದುವೆಗೆ ಮಾದಲಿ, ಯುಗಾದಿಗೆ ಹೋಳಿಗೆ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಒಣಗುವ ಶಾವಿಗೆ, ದಿನನಿತ್ಯ ಚಪಾತಿ. ಬೆಂಗಳೂರಿನ ಕಥೆ ನಿಮಗೇ ಗೊತ್ತಿದೆ. ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಬೆಳಿಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದೇ ಬರುತ್ತಾರೆ. ನಮ್ಮ ರಾಜ್ಯಕ್ಕೆ 25 ಗ್ರಾಂ ಲೆಕ್ಕ ಹಿಡಿದು ಕೂರುವುದು ಸರಿಯಲ್ಲ.

ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಇದೆ. ಇವರಿಗೆಲ್ಲ ಸೀಲಿಯಾಕ್ ಎನ್ನುವಷ್ಟು ದಡ್ಡಿ ನಾನಲ್ಲ. ಬಹುಪಾಲು ಮಕ್ಕಳಿಗೆ ಬೇಕಾಗಿರುವುದು ಸೊಪ್ಪು, ಮೊಟ್ಟೆ, ಕಾಳು ಮತ್ತು ನೀವು ಕಳುಹಿಸುವ ಮಾತ್ರೆಯೇ. ನಾನು ಕೇಳುವುದು ಮಾತ್ರೆಗೆ ಜಗ್ಗದವರ ಮಾತು. ಮೂರು ತಿಂಗಳು ಸರಿಯಾಗಿ ಕಬ್ಬಿಣಾಂಶ ಕೊಟ್ಟ ಮೇಲೂ ಹಿಮೋಗ್ಲೋಬಿನ್ ಏರದ ಮಗುವಿಗೆ ನಾಲ್ಕನೆಯ ತಿಂಗಳೂ ಅದೇ ಬಾಟಲಿ ಬರೆಯುವುದನ್ನು ನಿಲ್ಲಿಸಿ, ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ ಬರೆಯಬೇಕು ಎಂಬ ಒಂದು ಸಾಲು ನಿಮ್ಮ ಮಾರ್ಗಸೂಚಿಯಲ್ಲಿ ಸೇರಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ನಮ್ಮ ಶಾಲೆಗೆ ಬಂದು ಎತ್ತರ, ತೂಕ ಅಳೆದು ಹೋಗುತ್ತದೆ. ಎತ್ತರ ನಿಂತುಹೋದ ಮಗುವನ್ನು ಕಾರ್ಡಿನಲ್ಲಿ ಗುರುತಿಸುವವರೂ ಅವರೇ. ಒಂದನೆಯ ವಿಧದ ಮಧುಮೇಹ ಇರುವ ಮಕ್ಕಳು, ಥೈರಾಯ್ಡ್ ತೊಂದರೆಯವರು, ಡೌನ್ ಸಿಂಡ್ರೋಮ್ ಇರುವವರು, ಸೀಲಿಯಾಕ್ ರೋಗಿಗಳ ಒಡಹುಟ್ಟಿದವರು, ಇವರಲ್ಲಿ ಕಾಯಿಲೆಯ ಸಂಭವ ಹೆಚ್ಚು. ಎಲ್ಲರನ್ನೂ ಸೋಸಿ ನೋಡಬೇಕಾಗಿಲ್ಲ, ಇಷ್ಟು ಮಂದಿಯನ್ನು ನೋಡಿದರೆ ಸಾಕು.

ಯಂತ್ರ ಎಲ್ಲಿದೆ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ಡೆಂಗಿ ಪತ್ತೆಗೆ ಜಿಲ್ಲಾ ಮಟ್ಟದ ಪ್ರಯೋಗಾಲಯಗಳು ಎಲಿಸಾ ಎಂಬ ರಕ್ತಪರೀಕ್ಷೆಯ ವಿಧಾನ ಬಳಸುತ್ತವೆ. ಟಿಟಿಜಿ ಪರೀಕ್ಷೆಯನ್ನೂ ಎಲಿಸಾದಲ್ಲಿ ಮಾಡುತ್ತಾರೆ. ಮಳೆಗಾಲದಲ್ಲಿ ಹಗಲಿರುಳು ಓಡುವ ಆ ಯಂತ್ರಕ್ಕೆ ಬೇಸಿಗೆಯಲ್ಲಿ ಬಿಡುವು ಇರುತ್ತದಲ್ಲವೇ? ಕಿಟ್ ಖರೀದಿಸಿ, ತಾಲ್ಲೂಕು ಆಸ್ಪತ್ರೆಗಳಿಂದ ಮಾದರಿ ತರಿಸಿಕೊಂಡು ವಾರಕ್ಕೊಮ್ಮೆ ಒಟ್ಟಿಗೆ ನಡೆಸಿದರೆ ಖರ್ಚೂ ಹೆಚ್ಚಾಗದು. ನಾನು ಖಾಸಗಿಯಲ್ಲಿ ಎರಡೂ ಪರೀಕ್ಷೆಗೆ ಎರಡು ಸಾವಿರದ ಹತ್ತಿರ ಕೊಟ್ಟೆ. ನನಗೆ ಸಂಬಳವಿದೆ. ನನ್ನ ವಿದ್ಯಾರ್ಥಿಗಳ ತಾಯಂದಿರು ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವರು.

ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ, ಎಲ್ಲ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ, ಈ ಪತ್ರದ ತಲೆಬರಹದ ನಾಲ್ಕೈದು ಪದಗಳನ್ನು ಬರೆಸಿ. ಈ ಒಂದು ಕೋರಿಕೆಗೆ ಬಣ್ಣದ ಡಬ್ಬಿ ಬಿಟ್ಟರೆ ಬೇರೆ ಖರ್ಚಿಲ್ಲ. ಏಕೆಂದರೆ ಸಿರಿಧಾನ್ಯದ ಹೆಸರಿನಲ್ಲಿ ಗೋಧಿ ಬಿಡಿಸುವವರು ಈಗ ಊರೂರಿಗೂ ಬರುತ್ತಿದ್ದಾರೆ. ಸಿರಿಧಾನ್ಯದ ಮೇಲೆ ನನಗೆ ಅಕ್ಕರೆಯಿದೆ, ನನ್ನ ಮಗಳು ಬದುಕುತ್ತಿರುವುದು ಅದರ ಮೇಲೆಯೇ. ಆದರೆ ಹೊಟ್ಟೆನೋವು ಎಂದು ಬಂದ ಮಗುವಿಗೆ ರಕ್ತಪರೀಕ್ಷೆ ಮಾಡಿಸದೆ ಗೋಧಿ ಬಿಡಿಸುವ ಪಂಡಿತರು ಮಗುವಿನ ಕಾಯಿಲೆಯ ಸಾಕ್ಷ್ಯವನ್ನೇ ಅಳಿಸುತ್ತಿದ್ದಾರೆ. ಇನ್ನು ಕೆಲವರು ಖಪ್ಲಿ ಗೋಧಿ ತಿನ್ನಿ, ಅದು ಹಳೆಯ ತಳಿ, ಏನೂ ಆಗುವುದಿಲ್ಲ ಎನ್ನುತ್ತಾರೆ. ಖಪ್ಲಿಯಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇರುವ ಕರುಳಿಗೆ ಅಜ್ಜನ ಕಾಲದ ಗೋಧಿಯೂ ಗೋಧಿಯೇ.

ರೋಗ ಗೊತ್ತಾದ ಮೇಲಿನ ಪಾಡು ಬೇರೆಯದೇ ಪತ್ರಕ್ಕೆ ಆಗುವಷ್ಟಿದೆ. ಎರಡು ಮಾತು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಗೋಧಿ ಬಿಟ್ಟು ಮೂರು ತಿಂಗಳಾದರೂ ಮಗಳ ಟಿಟಿಜಿ ಅಂದುಕೊಂಡಷ್ಟು ಇಳಿಯಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ಒಂದೊಂದರ ಚೀಟಿ ಓದಿದೆ. ಸಿಕ್ಕಿದ್ದು ಇಂಗಿನ ಡಬ್ಬಿ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಇಂಗಿಗಿಂತ ಹಿಟ್ಟು, ಅಂಟುಗಳೇ ಹೆಚ್ಚು, ಆ ಹಿಟ್ಟು ಅನೇಕ ಸಲ ಗೋಧಿಯದು. ದಿನಾ ಬೇಳೆಸಾರಿನ ಒಗ್ಗರಣೆಯಲ್ಲಿ ಚಿಟಿಕೆ ಚಿಟಿಕೆಯಾಗಿ ನಾನೇ ಹಾಕುತ್ತಿದ್ದೆ. ಎರಡನೆಯದು ಗಿರಣಿ. ನಮ್ಮ ಜೋಳವನ್ನು ಬೀಸುವ ಕಲ್ಲಿನಲ್ಲೇ ಅದಕ್ಕಿಂತ ಮೊದಲು ಇನ್ನೊಬ್ಬರ ಗೋಧಿ ಬೀಸಿರುತ್ತದೆ. ಗ್ಲುಟೆನ್ ಮುಕ್ತ ಎಂದು ಮಾರುವ ಆಹಾರದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂದು ದೇಶದ ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ನಮ್ಮ ಗಿರಣಿಯ ಕಲ್ಲಿಗೆ ಅಂಥ ನಿಯಮ ಎಲ್ಲಿಯದು? ಈಗ ಕೈಯಿಂದ ತಿರುಗಿಸುವ ಬೀಸುವ ಕಲ್ಲನ್ನು ಅಟ್ಟದಿಂದ ಇಳಿಸಿದ್ದೇವೆ. ಯಜಮಾನರ ಮುಂಗೈಗೂ ವ್ಯಾಯಾಮ. ಸತ್ಯನಾರಾಯಣ ಪೂಜೆಯ ಸಪಾದ, ಹುಟ್ಟುಹಬ್ಬದ ಕೇಕು, ‘ರಾಗಿ ಬಿಸ್ಕತ್ತು’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಮೈದಾ ಎಂದು ಸಣ್ಣ ಅಕ್ಷರದಲ್ಲಿ ಬರೆದ ಪೊಟ್ಟಣ, ಬಿಸಿಯೂಟದ ರವೆ ಉಪ್ಪಿಟ್ಟು, ಇವುಗಳ ಪಟ್ಟಿ ಅಡುಗೆಯವರಿಗೂ ಶಿಕ್ಷಕರಿಗೂ ಕನ್ನಡದಲ್ಲಿ ಸಿಗುವಂತಾದರೆ ಒಳ್ಳೆಯದು. ಇಲಾಖೆ ಒಪ್ಪಿದರೆ ನಾನೇ ಬರೆದುಕೊಡುತ್ತೇನೆ, ಗೌರವಧನ ಬೇಡ.

ಮಗಳಿಗೆ ಈಗ ಹನ್ನೊಂದು. ಹಿಮೋಗ್ಲೋಬಿನ್ 12.2. ಕಳೆದ ಎರಡು ವರ್ಷದಲ್ಲಿ 15 ಸೆಂಟಿಮೀಟರ್ ಬೆಳೆದು ಪ್ರಾರ್ಥನೆಯ ಸಾಲಿನಲ್ಲಿ ಆರನೆಯ ಜಾಗಕ್ಕೆ ಹೋಗಿದ್ದಾಳೆ. ಆ ಸಾಲಿನ ಮುಂದೆ ಈಗ ಬೇರೊಬ್ಬ ಹುಡುಗ ನಿಲ್ಲುತ್ತಾನೆ. ಎರಡನೆಯ ತರಗತಿಯವನು, ಬಾಯಿ ಸದಾ ಹುಣ್ಣು, ಸೋಮವಾರದ ಮಾತ್ರೆಯನ್ನು ತಪ್ಪದೆ ನುಂಗುತ್ತಾನೆ. ಐದನೆಯ ತರಗತಿಯಲ್ಲಿ ಒಬ್ಬಳಿದ್ದಾಳೆ, ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ಒಂದು ವರ್ಷದಿಂದ ಅದೇ ಸಿರಪ್ಪಿನ ಹೆಸರಿದೆ. ಇಬ್ಬರಿಗೂ ಸೀಲಿಯಾಕ್ ಇಲ್ಲದೆ ಇರಬಹುದು. ಇಬ್ಬರ ತಾಯಂದಿರಿಗೂ ಪರೀಕ್ಷೆಯಾಗುವ ತನಕ ಚಪಾತಿ ನಿಲ್ಲಿಸಬೇಡಿ ಎಂದು ಹೇಳಿದ್ದೇನೆ. ‘ಪರೀಕ್ಷೆ ಎಲ್ಲಿ ಮಾಡುತ್ತಾರೆ, ಟೀಚರ್?’ ಎಂದು ಅವರು ಕೇಳಿದ್ದಾರೆ. ಮುಂದಿನ ಸೋಮವಾರ ಮತ್ತೆ ಕೇಳುತ್ತಾರೆ. ಯಾವ ಆಸ್ಪತ್ರೆಯ ಹೆಸರು ಹೇಳಲಿ, ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ,
ಬಾಗಲಕೋಟೆ ಜಿಲ್ಲೆ